ನಾಯಿ ಬಾಯಿಂದ ಬಿಡಿಸಿಕೊಂಡ ಹ್ಯಾಟಿ

ನಾಯಿ ಬಾಯಿಂದ ಬಿಡಿಸಿಕೊಂಡ ಕೋಳಿ ಅಂಗಳಕ್ಕೆ ಬಂದು ಬಿತ್ತೆಂದರೆ ಮನೆಮಂದಿ ಎರಡು ಪಕ್ಷವಾಗುತ್ತಾರೆ. ‘ಇನ್ನೇನ್ ಉಳೀತೈತಿ, ಕೊಯ್ದುಬಿಡ್ರಿ’ ಎನ್ನುವುದು ಒಂದು ಪಕ್ಷ. ‘ಸುಮ್ನಿರ್ರಿ, ಬರೋ ವಾರ ಕಾವಿಗೆ ಕೂಡೋ ಹ್ಯಾಟಿ ಅದು’ ಎನ್ನುವುದು ಇನ್ನೊಂದು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ನಿಜ. ಆದರೆ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿ, ತಾಂಡಾಗಳಲ್ಲಿ ಮನೆಯ ಹೆಂಗಸನ್ನು ಕೇಳದೆ ಅರೆಯುವುದು ಕಷ್ಟ. ಹಿತ್ತಲ ಕೋಳಿ ಸಾಮಾನ್ಯವಾಗಿ ಅವಳ ಆಸ್ತಿ. ಮೊಟ್ಟೆ ಮಾರಿದ ಕಾಸು ಅವಳ ಸೆರಗಿನ ಗಂಟಿಗೇ ಹೋಗುತ್ತದೆ. ಹಾಗಾಗಿ ಗಾಯಗೊಂಡ ಹ್ಯಾಟಿ, ಅಂದರೆ ಹೆಣ್ಣುಕೋಳಿ, ಎಷ್ಟೋ ಸಲ ಒಲೆಯ ಬದಲು ಬುಟ್ಟಿಯ ಕೆಳಗೆ ಹೋಗುತ್ತದೆ, ಮೇಲೊಂದಿಷ್ಟು ಅರಿಸಿನ ಬೀಳುತ್ತದೆ.

ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದರಲ್ಲೇ ಎಲ್ಲ ಇದೆ. ಕೋಳಿ ಆ ರಾತ್ರಿ ಬದುಕಿ, ಮರುದಿನ ನಾಲ್ಕು ಕಾಳು ತಿಂದು, ಎಲ್ಲರೂ ನಿರಾಳವಾದ ಮೇಲೆ ಎರಡನೆಯದೋ ಮೂರನೆಯದೋ ದಿನ ಸಾಯುವುದುಂಟು. ‘ಹೆದರಿಕೆಗೆ ಸತ್ತಿತು’ ಎನ್ನುತ್ತಾರೆ. ಹೆದರಿಕೆ ಕೊಲ್ಲುವುದಾದರೆ ಸಾಮಾನ್ಯವಾಗಿ ಮೊದಲ ಕೆಲವು ಗಂಟೆಗಳಲ್ಲೇ ಕೊಲ್ಲುತ್ತದೆ. ಮೂರನೆಯ ದಿನ ಕೊಲ್ಲುವುದು ಹೆಚ್ಚಾಗಿ ಗರಿಯ ಕೆಳಗೆ ಯಾರೂ ನೋಡದೆ ಬಿಟ್ಟ ಗಾಯ.

ಈ ಭಾಗದಲ್ಲಿ ಕೋಳಿಗೆ ಶತ್ರುಗಳ ಬರವಿಲ್ಲ. ತುಂಗಭದ್ರಾ ಕಾಲುವೆಗಳ ನೀರು ಹರಿಯುವ ಕಡೆ ಭತ್ತ, ಕಬ್ಬು, ಬಾಳೆ. ಬೆಳೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಾಡುಬೆಕ್ಕು ಮತ್ತು ನರಿ. ಆಳೆತ್ತರದ ಕಬ್ಬಿನಲ್ಲಿ ತಿಂಗಳುಗಟ್ಟಲೆ ಮರೆಯಾಗಿದ್ದ ಕಾಡುಬೆಕ್ಕಿಗೆ ಕಟಾವಾದ ಕೂಡಲೇ ನೆಲೆ ತಪ್ಪುತ್ತದೆ, ಆಗ ಊರಂಚಿನ ಗೂಡು ಕಣ್ಣಿಗೆ ಬೀಳುತ್ತದೆ. ಹಂಪಿ, ಕಮಲಾಪುರದ ಸುತ್ತ ಬಂಡೆಗುಡ್ಡಗಳು. ಅಲ್ಲಿ ಮುಂಗುಸಿ, ಉಡ, ಕೇರೆಹಾವಿನಿಂದ ಹಿಡಿದು ಚಿರತೆಯವರೆಗೆ ಎಲ್ಲಕ್ಕೂ ಗವಿಯುಂಟು. ಸಂಡೂರಿನ ಬೆಟ್ಟಸಾಲಿನಲ್ಲೂ ಚಿರತೆ ಇದೆ. ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮಾತ್ರ ಬೀದಿನಾಯಿ. ಅದಕ್ಕೆ ಕಾಡೂ ಬೇಡ, ಗವಿಯೂ ಬೇಡ. ಇಬ್ಬರನ್ನು ಈ ಆರೋಪಿಗಳ ಪಟ್ಟಿಯಿಂದ ಬಿಡಬಹುದು. ದರೋಜಿಯ ಕರಡಿಗೆ ಗೆದ್ದಲು, ಇರುವೆ, ಜೇನು, ಹಣ್ಣು ಸಾಕು. ಅದರ ನೆಲೆಯನ್ನು ಕಾಯಲೆಂದೇ 1994ರಲ್ಲಿ ಅಲ್ಲಿ ಕರಡಿಧಾಮವಾಯಿತು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರಾ ಹೊಳೆಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆ ನೀರುನಾಯಿಗಳ ಕಣ್ಣು ಮೀನಿನ ಮೇಲೆ.

ಯಾರು ಕಚ್ಚಿದರು ಎಂಬುದು ಬರೀ ಕುತೂಹಲದ ಪ್ರಶ್ನೆಯಲ್ಲ, ಚಿಕಿತ್ಸೆ ಅದರ ಮೇಲೆ ನಿಂತಿದೆ. ನಾಯಿ ಹಿಡಿದು ಅಲ್ಲಾಡಿಸುತ್ತದೆ. ಬೆನ್ನು, ಬಾಲದ ಬುಡ, ತೊಡೆಯ ಚರ್ಮ ಹರಿದು ಜೋಲುತ್ತದೆ, ಒಳಗೆ ಮಾಂಸ ಜಜ್ಜಿರುತ್ತದೆ. ನೋಡಲು ಭಯಂಕರ. ಆದರೂ ಇದರಲ್ಲಿ ಉಳಿಯುವ ಕೋಳಿಗಳುಂಟು. ಬೆಕ್ಕಿನದು ಬೇರೆ ಕತೆ. ಸೂಜಿಯಂಥ ಹಲ್ಲು ಒಳಕ್ಕೆ ಹೋಗಿ ಹೊರಬರುತ್ತದೆ, ಮೇಲೆ ಒಂದು ಹನಿ ರಕ್ತವೂ ಕಾಣುವುದಿಲ್ಲ. ಮುಂಗುಸಿ ಹಗಲಿನ ಕಳ್ಳ, ಕುತ್ತಿಗೆಗೇ ಬಾಯಿ ಹಾಕುತ್ತದೆ. ಹದ್ದು, ಗಿಡುಗಗಳಿಗೆ ಬೇಕಾದದ್ದು ಮರಿ. ದೊಡ್ಡ ಕೋಳಿ ತಪ್ಪಿಸಿಕೊಂಡರೆ ಬೆನ್ನಿನ ಮೇಲೆ ಉಗುರಿನ ತೂತು ಉಳಿದಿರುತ್ತದೆ. ರಾತ್ರಿ ಗೂಡಿನಲ್ಲೇ ಕಾಲು, ತೊಡೆ ಕಡಿಸಿಕೊಂಡಿದ್ದರೆ ಹೆಗ್ಗಣವನ್ನು ಹುಡುಕಬೇಕು.

ಅಂಗಳದ ತುಂಬ ಗರಿ ಹಾರಿದ್ದನ್ನು ನೋಡಿ ಕೋಳಿ ಕತೆ ಮುಗಿಯಿತು ಅಂದುಕೊಳ್ಳುವುದುಂಟು. ಅದು ಹಲವು ಸಲ ಒಳ್ಳೆಯ ಲಕ್ಷಣ. ಹಿಡಿದ ಕ್ಷಣ ಹಕ್ಕಿಗಳು ಬಾಲ, ಬೆನ್ನಿನ ಗರಿಗಳನ್ನು ತಾವೇ ಸಡಿಲಿಸಿ ಉದುರಿಸಬಲ್ಲವು. ಬೇಟೆಗಾರನ ಬಾಯಲ್ಲಿ ಗರಿಯ ಕಂತೆ ಉಳಿಯುತ್ತದೆ, ಹಕ್ಕಿ ಜಾರಿಕೊಳ್ಳುತ್ತದೆ. ಬುಡಸಮೇತ ಕಿತ್ತ ಗರಿ ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧಕ್ಕೆ ಮುರಿದದ್ದು ಮಾತ್ರ ಮುಂದಿನ ಸಲ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ.

ಇನ್ನು ಕೋಳಿಯನ್ನು ಕೈಗೆತ್ತಿಕೊಳ್ಳುವ ಮಾತು. ಹೆದರಿದ ಕೋಳಿಯನ್ನು ಎದೆಗೆ ಅವುಚಿ ಹಿಡಿಯುವುದು ಸಹಜ, ತಪ್ಪಾಗುವುದೂ ಅಲ್ಲೇ. ನಮಗಿರುವಂತೆ ಹಕ್ಕಿಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟದ ಪೊರೆಯಿಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರಷ್ಟೇ ಅದಕ್ಕೆ ಉಸಿರು. ಬಿಗಿಯಾಗಿ ಒತ್ತಿ ಹಿಡಿದರೆ ಗಾಯದಿಂದ ಉಳಿದದ್ದು ಕೈಯಲ್ಲೇ ಸಾಯುತ್ತದೆ. ಅಂಗಾತ ಮಲಗಿಸುವುದೂ ಬೇಡ. ಹಳೆಯ ಟವೆಲನ್ನು ರೆಕ್ಕೆಗಳ ಮೇಲೆ ಸಡಿಲವಾಗಿ ಸುತ್ತಿ, ತಲೆಯ ಮೇಲೆ ಬಟ್ಟೆ ಹೊದಿಸಿದರೆ ಸಾಕು. ಕತ್ತಲಾದರೆ ಕೋಳಿ ತಾನೇ ಸುಮ್ಮನಾಗುತ್ತದೆ.

ರಕ್ತ ಸುರಿಯುತ್ತಿದ್ದರೆ ಬೇರೆಲ್ಲ ಬಿಟ್ಟು ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಒಂದೂವರೆ ಕಿಲೋ ತೂಗುವ ಹ್ಯಾಟಿಯ ಮೈಯಲ್ಲಿರುವ ಒಟ್ಟು ರಕ್ತ ನೂರು ಮಿಲಿಲೀಟರ್ ಆಸುಪಾಸು. ಜುಟ್ಟು ಬಿಳಿಚಿದ್ದರೆ ರಕ್ತ ಹೋಗಿದೆ, ನೇರಳೆಗೆ ತಿರುಗಿದ್ದರೆ ಉಸಿರಿಗೆ ತೊಂದರೆಯಾಗಿದೆ. ರಕ್ತ ನಿಂತಿದ್ದರೆ ಮಿಕ್ಕ ತಪಾಸಣೆಗೆ ಅವಸರ ಬೇಡ. ಅರ್ಧ ಗಂಟೆ, ಒಂದು ಗಂಟೆ ಕತ್ತಲಲ್ಲಿ ಬಿಟ್ಟು, ಉಸಿರು ಸಮಕ್ಕೆ ಬಂದ ಮೇಲೆ ಗರಿ ಸರಿಸಿ ನೋಡಬೇಕು.

ಈ ಕೆಲಸಕ್ಕೆ ಒಳ್ಳೆಯ ಬೆಳಕು, ಇಬ್ಬರು ಜನ ಬೇಕು. ಒಬ್ಬರು ಹಿಡಿಯುವುದು, ಇನ್ನೊಬ್ಬರು ಗರಿಯನ್ನು ಬೆಳೆದ ದಿಕ್ಕಿಗೆ ವಿರುದ್ಧವಾಗಿ ಬೆರಳಿನಿಂದ ಮೇಲೆತ್ತುತ್ತ ಹೋಗುವುದು. ಕುತ್ತಿಗೆ, ರೆಕ್ಕೆಯ ಕಂಕುಳು, ಬೆನ್ನು, ತೊಡೆಯ ಒಳಬದಿ, ಗುದದ ಸುತ್ತ. ಒಂದು ತೂತು ಸಿಕ್ಕರೆ ಅದರ ಜೋಡಿ ಎಲ್ಲಿದೆ ಎಂದು ಎದುರು ಬದಿ ಹುಡುಕಬೇಕು, ಏಕೆಂದರೆ ದವಡೆ ಎರಡು. ಚರ್ಮದ ಕೆಳಗೆ ಗಾಳಿ ತುಂಬಿ ಉಬ್ಬಿ, ಒತ್ತಿದಾಗ ಚರಚರ ಎಂದರೆ ಗಾಳಿಚೀಲಕ್ಕೆ ಹಲ್ಲು ತಾಗಿದೆ. ಹಕ್ಕಿಯ ಮೈಯೊಳಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಹರಡಿಕೊಂಡಿವೆ, ರೆಕ್ಕೆಯ ಮೇಲುಮೂಳೆಯ ಒಳಗೂ ಗಾಳಿ ಇದೆ. ನೀರು ಕುಡಿಸಿದಾಗ ಕೊರಳ ಕೆಳಗಿನ ಗಾಯದಿಂದ ಅದೇ ನೀರು ಜಿನುಗಿದರೆ ಕಾಳು ಸೇರುವ ಚೀಲವೇ ಹರಿದಿದೆ. ಇವೆರಡಕ್ಕೂ ಮನೆಮದ್ದು ನೆಚ್ಚಿ ಕೂರುವಂತಿಲ್ಲ. ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ಯಬೇಕು. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962 ಇದೆ. ಕೋಳಿಗೆಲ್ಲ ಫೋನ್ ಮಾಡುವುದೇ ಎಂಬ ಸಂಕೋಚ ಬೇಕಿಲ್ಲ. ಏನು ಹಾಕಬೇಕು, ಏನು ಹಾಕಬಾರದು ಎಂಬ ಮಾತಾದರೂ ಸಿಗುತ್ತದೆ.

ಗಾಯ ತೊಳೆಯುವುದಕ್ಕೆ ಸಲೈನ್ ಬಾಟಲಿಯಷ್ಟು ಒಳ್ಳೆಯದು ಬೇರಿಲ್ಲ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು. ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲಿ ತುಂಬಿ, ಮಣ್ಣು, ಗರಿಯ ಚೂರು ಹೊರಬರುವವರೆಗೂ ಚಿಮ್ಮಿಸಬೇಕು. ಸುತ್ತಲಿನ ಗರಿಯನ್ನು ಕತ್ತರಿಸಬಹುದು, ಕೀಳಬಾರದು. ಆಮೇಲೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಕ್ರಿಮಿಗಳೆಲ್ಲ ಸತ್ತವು ಎನಿಸುತ್ತದೆ, ಆದರೆ ಗಾಯ ಮುಚ್ಚಬೇಕಾದ ಹೊಸ ಜೀವಕೋಶಗಳೂ ಸುಡುತ್ತವೆ. ಅರಿಸಿನದ ಬಗ್ಗೆ ಜಗಳ ಬೇಡ, ತೊಳೆದ ಮೇಲೆ ಹಚ್ಚಿದರೆ ಕೆಡುಕಿಲ್ಲ. ತೊಳೆಯದೆ ಹಚ್ಚಿದ ಅರಿಸಿನ, ಬೂದಿ, ಕಾಫಿಪುಡಿ ಇವೆಲ್ಲ ಕೊಳೆಯ ಮೇಲೆ ಮುಚ್ಚಳ ಅಷ್ಟೇ. ತೂತಿನ ಗಾಯವನ್ನು ಹೊಲಿದು ಮುಚ್ಚುವುದಂತೂ ಸಲ್ಲದು. ಒಳಗಿನದು ಹೊರಗೆ ಬರಲು ದಾರಿ ಬೇಕು. ಹಕ್ಕಿಯ ಕೀವು ನಮ್ಮದರಂತೆ ಹರಿಯುವುದೂ ಇಲ್ಲ. ಅದನ್ನು ಕರಗಿಸುವ ಕಿಣ್ವಗಳು ಹಕ್ಕಿಯ ಬಿಳಿ ರಕ್ತಕಣಗಳಲ್ಲಿ ಕಡಿಮೆ, ಹಾಗಾಗಿ ಗಟ್ಟಿ ಹಳದಿ ತುಣುಕಾಗಿ ಒಳಗೇ ಕೂರುತ್ತದೆ.

ಬೆಕ್ಕಿನ ಹಲ್ಲಿನ ಮಾತಿಗೆ ಮರಳಿದರೆ, ಅದರ ಬಾಯಲ್ಲಿ ಪಾಶ್ಚರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ ಮಾಮೂಲಿಯಾಗಿ ವಾಸಿಸುತ್ತದೆ. ಇದು ಕೋಳಿ ಕಾಲರಾಕ್ಕೆ ಕಾರಣವಾದದ್ದೇ. ಹೆಸರು ಬಂದದ್ದು ಲೂಯಿ ಪಾಶ್ಚರನಿಂದ. 1879ರಲ್ಲಿ ಅವನ ಪ್ರಯೋಗಾಲಯದಲ್ಲಿ ಬೆಳೆಸಿ ಬಹುದಿನ ಬಿಟ್ಟಿದ್ದ ಹಳೆಯ ಕೋಳಿ ಕಾಲರಾ ಕ್ರಿಮಿಯನ್ನು ಚುಚ್ಚಿದ ಕೋಳಿಗಳು ಸಾಯಲಿಲ್ಲ. ಅವಕ್ಕೇ ಮತ್ತೆ ತಾಜಾ ಕ್ರಿಮಿ ಚುಚ್ಚಿದರೂ ಸಾಯಲಿಲ್ಲ. ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿದ ಕ್ರಿಮಿಯಿಂದ ಲಸಿಕೆ ಮಾಡಬಹುದೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ, ಕೋಳಿಗಳ ದೆಸೆಯಿಂದ. ಬೆಕ್ಕು ಕಚ್ಚಿದ ಹಕ್ಕಿಯ ರಕ್ತಕ್ಕೆ ಈ ಕ್ರಿಮಿ ಸೇರಿತೆಂದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಅದಕ್ಕೇ ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಗೆ ಗಾಯ ಕಾಣದಿದ್ದರೂ ಆ್ಯಂಟಿಬಯಾಟಿಕ್ ಬೇಕೆನ್ನುತ್ತಾರೆ ವೈದ್ಯರು.

ಆದರೆ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಅಂಗಡಿಯಾತ ಕೊಟ್ಟ ಬಾಟಲಿಯಿಂದ ಅಂದಾಜಿಗೆ ನಾಲ್ಕು ಹನಿ ನೀರಿಗೆ ಹಾಕುವ ರೂಢಿ ಕೋಳಿಗೂ ಒಳ್ಳೆಯದಲ್ಲ, ಅದರ ಮೊಟ್ಟೆ ತಿನ್ನುವವರಿಗೂ ಒಳ್ಳೆಯದಲ್ಲ. ಮನುಷ್ಯರಿಗೆ ಕೊನೆಯ ಅಸ್ತ್ರದಂತಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಸಾಕುಪ್ರಾಣಿ, ಕೋಳಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಆತಂಕದಿಂದ. ಔಷಧ ನಡೆಯುವಾಗಲೂ, ನಿಲ್ಲಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಆ ಕೋಳಿಯ ಮೊಟ್ಟೆ, ಮಾಂಸ ಎರಡೂ ವರ್ಜ್ಯ. ಮನೆಯಲ್ಲಿರುವ ನೋವಿನ ಮಾತ್ರೆ ಪುಡಿಮಾಡಿ ಕೊಡುವುದು ಇನ್ನೂ ಅಪಾಯ. ಪಶುಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಅವುಗಳ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಿಂದ ಅದನ್ನು ಹೊರಹಾಕಲಾಯಿತು. ಪ್ರಮಾಣ ಮೀರಿದರೆ ಕೋಳಿಗೂ ಅದು ವಿಷವೇ.

ತಂಪು ದೇಶಗಳ ಪುಸ್ತಕಗಳೆಲ್ಲ ಗಾಯಗೊಂಡ ಕೋಳಿಯನ್ನು ದೀಪದ ಕಾವಿನಲ್ಲಿಡಿ ಎನ್ನುತ್ತವೆ. ಈ ಮಾತನ್ನು ಏಪ್ರಿಲ್‌ನಲ್ಲಿ ಹೊಸಪೇಟೆಯಲ್ಲಿ ಪಾಲಿಸಿದರೆ ಕೋಳಿ ಬೆಂದುಹೋಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಹೊಸದೇನಲ್ಲ. ಕೋಳಿಗೆ ಬೆವರುಗ್ರಂಥಿಯಿಲ್ಲ, ಬಾಯಿ ತೆರೆದು ತೇಕಿದರಷ್ಟೇ ಅದಕ್ಕೆ ತಂಪು. ಅದರ ಮೈಬಿಸಿಯೇ ನಲವತ್ತೊಂದೂವರೆ ಡಿಗ್ರಿ ಹತ್ತಿರ. ರಕ್ತ ಕಳೆದುಕೊಂಡು ತಣ್ಣಗಾದ ಕೋಳಿಗೆ ಡಿಸೆಂಬರಿನ ರಾತ್ರಿ ಸಣ್ಣ ಬಲ್ಬಿನ ಕಾವು ಜೀವದಾನ, ಸರಿ. ಬೇಸಿಗೆಯಲ್ಲಿ ಬೇಕಾದದ್ದು ತಗಡಿನ ಚಾವಣಿಯಿಲ್ಲದ ನೆರಳು, ಗಾಳಿ, ಒದ್ದೆ ಗೋಣಿಚೀಲ. ರೆಕ್ಕೆ ಮೈಯಿಂದ ದೂರ ಹಿಡಿದು ತೇಕುತ್ತಿದ್ದರೆ ಸೆಕೆಯಾಗಿದೆ, ಗರಿ ಉಬ್ಬಿಸಿ ಮುದುಡಿ ಕೂತಿದ್ದರೆ ಚಳಿ. ಕೋಳಿಯೇ ಹೇಳುತ್ತದೆ, ನೋಡುವವರು ಬೇಕು.

ಸೆಕೆಗಿಂತ ಕೆಟ್ಟದ್ದು ನೊಣ. ಭತ್ತದ ಗದ್ದೆ, ದನದ ಕೊಟ್ಟಿಗೆ, ತಿಪ್ಪೆ ಒಂದರ ಪಕ್ಕ ಒಂದಿರುವ ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲದ ಗಾಯ ನೊಣಕ್ಕೆ ಸಿಗದೆ ಉಳಿಯುವುದು ಅಪರೂಪ. ಗಾಯದ ಅಂಚಿನಲ್ಲಿ, ಗರಿಯ ಬುಡದಲ್ಲಿ ಬಿಳಿ ರವೆ ಉದುರಿದಂತೆ ಮೊಟ್ಟೆಗಳು ಕಂಡರೆ ಅವು ಒಂದೇ ದಿನದಲ್ಲಿ ಹುಳವಾಗುತ್ತವೆ. ಗುದದ ಹತ್ತಿರದ ಗಾಯಕ್ಕಂತೂ ಹಿಕ್ಕೆ ಮೆತ್ತಿಕೊಂಡು ನೊಣಕ್ಕೆ ಔತಣ. ದಿನಕ್ಕೆರಡು ಸಲ ಗಾಯ ನೋಡಬೇಕೆನ್ನುವುದು ಇದಕ್ಕಾಗಿ. ಮೊಟ್ಟೆಯಿದ್ದರೆ ಗರಿ ಕತ್ತರಿಸಿ ತೆಗೆಯುವುದು, ಹುಳವಿದ್ದರೆ ಚಿಮ್ಮಟದಿಂದ ಒಂದೊಂದಾಗಿ ಹೆಕ್ಕುವುದು, ಮತ್ತೆ ತೊಳೆಯುವುದು. ದನದ ಹುಳಗಾಯಕ್ಕೆ ಸೀತಾಫಲದ ಎಲೆ ಅರೆದು ಕಟ್ಟುವುದು, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಬಿಡುವುದು ಹಳೆಯ ಪದ್ಧತಿ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ನಾಟಿ ಪಶುವೈದ್ಯ ಸಲಹೆಗಳಲ್ಲೂ ಇದೆ. ಆದರೆ ದನದ ಮೈಗೂ ಕೋಳಿಯ ಮೈಗೂ ಅಳತೆ ಬೇರೆ. ಟರ್ಪೆಂಟೈನ್, ಸೀಮೆಎಣ್ಣೆ ಸುರಿದರೆ ಹುಳದ ಜೊತೆ ಕೋಳಿಯ ತೆಳು ಚರ್ಮವೂ ಹೋಗುತ್ತದೆ. ಹುಳ ಬಿದ್ದ ಕೋಳಿಯನ್ನು ಸೊಳ್ಳೆಪರದೆಯೊಳಗೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಕುಡಿಯಲೇಬೇಕು. ಓಆರ್‌ಎಸ್ ನೀರಾದರೂ ಸರಿ, ಚಿಟಿಕೆ ಉಪ್ಪು ಹಾಕಿದ ತೆಳು ಬೆಲ್ಲದ ನೀರಾದರೂ ಸರಿ. ಕೊಕ್ಕು ಬಿಡಿಸಿ ಗಂಟಲಿಗೆ ಸುರಿಯಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ನೇರ ಅದರೊಳಗೆ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ಚಪ್ಪರಿಸುತ್ತದೆ. ಮರುದಿನದಿಂದ ನೆನೆಸಿದ ನುಚ್ಚು, ಬೇಯಿಸಿದ ಮೊಟ್ಟೆ. ಕೋಳಿಗೆ ಮೊಟ್ಟೆಯೇ ಎಂದು ನಗುವವರು ನಗಲಿ. ಚರ್ಮ, ಗರಿ ಹೊಸದಾಗಿ ಕಟ್ಟಲು ಬೇಕಾದ ಸತ್ವವೆಲ್ಲ ಅದರಲ್ಲಿದೆ. ಹೀಗೆ ನೋಡಿಕೊಂಡರೆ ಅಂಗೈಯಗಲ ಹರಿದ ಚರ್ಮ ಕೂಡ ಅಂಚುಗಳಿಂದ ಒಳಕ್ಕೆ ಬೆಳೆಯುತ್ತ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮುರಿದ ಕಾಲಿಗೆ ಬಿದಿರ ಸೀಳು ಕಟ್ಟಿ ಮೂರು ವಾರ ಬಿಟ್ಟರೆ ಮೂಳೆ ಹತ್ತುವುದುಂಟು, ಹಕ್ಕಿಯ ಮೂಳೆ ಬೇಗ ಕೂಡುತ್ತದೆ. ಮೊಟ್ಟೆ ಮಾತ್ರ ಕೇಳಬಾರದು. ಮೈ ತನ್ನ ರಿಪೇರಿಗೆ ನಿಂತಾಗ ಮೊದಲು ನಿಲ್ಲಿಸುವುದು ಅದನ್ನೇ.

ಎಲ್ಲ ಕೋಳಿಯೂ ಉಳಿಯುವುದಿಲ್ಲ. ಕರುಳು ಹೊರಬಿದ್ದಿದ್ದರೆ, ಬೆನ್ನೆಲುಬು ಮುರಿದು ಎರಡೂ ಕಾಲು ಜೀವ ಕಳೆದುಕೊಂಡಿದ್ದರೆ ನರಳಿಸದೆ ಮುಗಿಸುವುದೇ ದಯೆ. ಆಗ ಮೊದಲ ಪಕ್ಷದವರ ಮಾತು ಬರುತ್ತದೆ: ಸಾರಿಗಾದರೂ ಆಗಲಿ. ಇಲ್ಲೊಂದು ಎಚ್ಚರ. ಹುಚ್ಚುನಾಯಿ ಕಚ್ಚಿರಬಹುದೆಂಬ ಅನುಮಾನ ಎಳ್ಳಷ್ಟಿದ್ದರೂ ಆ ಕೋಳಿಯನ್ನು ಕೊಯ್ಯಲೂ ಬಾರದು, ತಿನ್ನಲೂ ಬಾರದು. ರೇಬೀಸ್ ಸಸ್ತನಿಗಳ ರೋಗ, ಕೋಳಿಗೆ ಬಂದು ಅದರಿಂದ ಹರಡುವ ಭಯ ಇಲ್ಲವೆನ್ನಬಹುದು. ಅಪಾಯ ಇರುವುದು ಗಾಯದ ಮೇಲಿನ ನಾಯಿಯ ಜೊಲ್ಲಿನಲ್ಲಿ, ಅದನ್ನು ಮುಟ್ಟುವ ಕೈಯ ಗೀರಿನಲ್ಲಿ. ಕೋಳಿ ಬಿಡಿಸಲು ಹೋಗಿ ತಾವೇ ಕಚ್ಚಿಸಿಕೊಂಡವರು ಕೋಳಿಯನ್ನು ಬಿಟ್ಟು, ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಮೊದಲು ಆಸ್ಪತ್ರೆಗೆ ಹೋಗಬೇಕು. ಕರ್ನಾಟಕದಲ್ಲಿ 2022ರಿಂದ ಮನುಷ್ಯರ ರೇಬೀಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ.

ಇನ್ನೊಂದು ಎಚ್ಚರವನ್ನು ಸಂಡೂರು ತಾಲ್ಲೂಕಿಗೆ ಬಿಡಿಸಿ ಹೇಳಬೇಕಿಲ್ಲ. 2025ರ ಆರಂಭದಲ್ಲಿ ಕುರೆಕುಪ್ಪದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿ ಕೋಳಿಗಳು ರಾಶಿರಾಶಿ ಸತ್ತವು, ಹಕ್ಕಿಜ್ವರ ದೃಢಪಟ್ಟಿತು. ಗೂಡಿನಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತಿದ್ದು, ಮೈಮೇಲೆ ಹಲ್ಲಿನ ಗುರುತಿಲ್ಲದೆ, ಜುಟ್ಟು ನೀಲಿಗಟ್ಟಿದ್ದರೆ ಮುಂಗುಸಿಯನ್ನು ಬೈಯುತ್ತ ಕೂರದೆ ಪಶು ಇಲಾಖೆಗೆ ತಿಳಿಸಬೇಕು. ಕೊಕ್ಕರೆ ರೋಗವೂ ಹಾಗೆಯೇ ಗುಂಪಾಗಿ ಕೊಲ್ಲುತ್ತದೆ. ಗಾಯದಿಂದ ಬಳಲಿದ ಕೋಳಿಗೆ ಲಸಿಕೆ ಆಗಿಲ್ಲದಿದ್ದರೆ ಅದೇ ಮೊದಲ ಬಲಿ.

ಗುಣವಾದ ಹ್ಯಾಟಿಯನ್ನು ನೇರ ಗುಂಪಿಗೆ ಬಿಟ್ಟರೆ ತನ್ನವೇ ಕುಕ್ಕಿ ಕೊಲ್ಲುವುದುಂಟು. ಕೋಳಿಗಳಿಗೆ ಕೆಂಪು ಕಂಡರೆ ಕೊಕ್ಕು ಸುಮ್ಮನಿರುವುದಿಲ್ಲ. ಅದರ ಮೇಲೆ ಯಜಮಾನಿಕೆಯ ಲೆಕ್ಕ ಬೇರೆ. ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ ಬಂದು, 1920ರ ದಶಕದ ಆರಂಭದಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟ: ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದು ಮೇಲಿಂದ ಕೆಳಗೆ ನಿಗದಿಯಾಗಿರುತ್ತದೆ. ಕೆಲವು ವಾರ ಮರೆಯಾಗಿದ್ದ ಕೋಳಿಗೆ ಹಳೆಯ ಸ್ಥಾನ ಉಳಿದಿರುವುದಿಲ್ಲ. ಅದಕ್ಕೇ ನಾಲ್ಕಾರು ದಿನ ಬುಟ್ಟಿ ಮುಚ್ಚಿ ಅಂಗಳದಲ್ಲೇ, ಉಳಿದವುಗಳ ಕಣ್ಣೆದುರು ಇಡುವುದು, ಆಮೇಲೆ ಸಂಜೆ ಗೂಡು ಸೇರುವ ಹೊತ್ತಿಗೆ ಬಿಡುವುದು.

ಒಂದು ಹ್ಯಾಟಿಗೆ ಇಷ್ಟೆಲ್ಲ ಪಾಡೇಕೆ ಎಂದರೆ, ಕೋಳಿ ಈಗ ಅಗ್ಗವಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಸಣ್ಣ ನಾಣ್ಯವೊಂದಕ್ಕೆ ಮೂರು ಕೋಳಿ, ಊರ ಹೊರಗಾದರೆ ನಾಲ್ಕು ಎಂದು ಬರೆದಿಟ್ಟಿದ್ದಾನೆ. ಇವತ್ತು ಜವಾರಿ ಹ್ಯಾಟಿ ಕೊಳ್ಳಲು ಹೋದರೆ ನೂರರ ನೋಟುಗಳನ್ನೇ ಎಣಿಸಬೇಕು. ತಳಿ ಆರಿಸುವಾಗಲೂ ಬೇಟೆಗಾರರ ಲೆಕ್ಕ ಹಿಡಿಯುವುದು ಜಾಣತನ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಕೋಳಿಯ ಮೈ ಭಾರ, ಓಟ ಕಡಿಮೆ. 2005ರ ಸ್ವರ್ಣಧಾರಾ ಅದಕ್ಕಿಂತ ಹಗುರ. ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳಬಲ್ಲದು ಎಂಬುದೇ ಅದರ ಗುಣಗಳಲ್ಲೊಂದೆಂದು ಹೇಳುತ್ತಾರೆ. ಮರದ ಕೊಂಬೆಗೆ ಹಾರಿ ಕೂರುವ ಜವಾರಿಯ ಮುಂದೆ ಎರಡೂ ಸ್ವಲ್ಪ ಮಂದವೇ.

ಒಮ್ಮೆ ರುಚಿ ಕಂಡದ್ದು ಮರಳಿ ಬಂದೇ ಬರುತ್ತದೆ, ಹೆಚ್ಚಾಗಿ ಅದೇ ಹೊತ್ತಿಗೆ, ಅದೇ ಸಂದಿನಿಂದ. ಆರು ಮೂಲೆಯ ಕಣ್ಣಿನ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಅದನ್ನು ನಾಯಿ ಹಲ್ಲಿನಿಂದ ಸೀಳುತ್ತದೆ, ಸಣ್ಣ ಮುಂಗುಸಿ ಸಂದಿನಲ್ಲೇ ತೂರುತ್ತದೆ. ಅರ್ಧ ಇಂಚಿನ ಕಣ್ಣಿರುವ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ನೆಲದೊಳಗೆ ಒಂದಡಿ ಹೂತು, ಬಾಗಿಲಿಗೆ ಚಿಲಕ ಹಾಕಿ, ಬುಡಕ್ಕೆ ಈ ಸೀಮೆಯಲ್ಲಿ ಬೇಕಾದಷ್ಟು ಸಿಗುವ ಕಲ್ಲುಚಪ್ಪಡಿ ಕೊಟ್ಟರೆ ಸಾಕು. ವಿಷ ಇಡುವುದು, ಉರುಳು ಹಾಕುವುದು ಬೇಡ. ಮುಂಗುಸಿ, ನರಿ, ಕಾಡುಬೆಕ್ಕು, ಉಡ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಚಿರತೆಯ ಹೆಜ್ಜೆ ಕಂಡರೆ ಅರಣ್ಯ ಇಲಾಖೆಗೆ ಹೇಳುವುದು, ಅಲ್ಲಿಯವರೆಗೆ ಕೋಳಿಗಳನ್ನು ಮನೆಯೊಳಗೆ ಮುಚ್ಚುವುದು. ಗೂಡಿನ ಸಂದು ಮುಚ್ಚುವ ಕೆಲಸವನ್ನಂತೂ ಭಾನುವಾರಕ್ಕೆ ಇಟ್ಟುಕೊಳ್ಳದೆ ಆವತ್ತೇ, ಕತ್ತಲಾಗುವ ಮೊದಲೇ ಮುಗಿಸಬೇಕು.